ನಾನು ತಪ್ಪಾಗಿ ಓದಿದ ಸಬ್‌ಟೈಟಲ್

ಕಳೆದ ಶುಕ್ರವಾರ ಒಂದು ಹಳೆಯ ಫ್ರೆಂಚ್ ಸಿನಿಮಾದ ಸಬ್‌ಟೈಟಲ್ ಅನ್ನು ನಾನು ತಪ್ಪಾಗಿ ಓದಿದೆ.

ಎಸ್ಸೆಸ್ಸೆಲ್ಸಿಯವನ ಇಂಗ್ಲಿಷು, ತಪ್ಪಾಗುವುದು ಸಹಜ ಎಂದುಕೊಳ್ಳಬೇಡಿ. ನನಗೆ ಸರಿಯಾಗಿಯೇ ಅರ್ಥವಾಗಿತ್ತು. ಅರ್ಥವಾದದ್ದರಿಂದಲೇ ತಪ್ಪಾಗಿ ಓದಿದೆ.

ದೋಹಾದ ಅಲ್ ಥುಮಾಮಾದಲ್ಲಿರುವ ನಮ್ಮ ವಿಕ್ಟರನಿಗೆ ಐವತ್ತು ದಾಟಿದ ಮೇಲೆ ಇದ್ದಕ್ಕಿದ್ದಂತೆ ಕಲಾಭಿರುಚಿ ಶುರುವಾಗಿದೆ. (ಕೆಲವರಿಗೆ ಶುಗರ್ ಶುರುವಾಗುತ್ತದೆ, ಅವನಿಗೆ ಇದು.) ಒಂದು ಪ್ರೊಜೆಕ್ಟರ್ ತಂದು, ಹಾಲ್‌ನ ಗೋಡೆಗೆ ಬಿಳಿ ಬೆಡ್‌ಶೀಟ್ ಬಿಗಿದು, ತಿಂಗಳಿಗೊಂದು ಶುಕ್ರವಾರ ಮಧ್ಯಾಹ್ನ ಊರಿನವರನ್ನೆಲ್ಲ ಕರೆದು 'ಕ್ಲಾಸಿಕ್' ತೋರಿಸುತ್ತಾನೆ. ಕ್ಲಾಸಿಕ್ ಅಂದರೆ ಕಪ್ಪು ಬಿಳುಪು. ಯಾರೂ ನಗುವುದಿಲ್ಲ, ಎಲ್ಲರೂ ಸಿಗರೇಟು ಸೇದುತ್ತಾರೆ, ಕೊನೆಗೆ ಮಳೆ ಬರುತ್ತದೆ. ನಾವು ಹೋಗುವುದು ಅವನ ಹೆಂಡತಿ ಕರಿಯುವ ಗೋಳಿಬಜೆಗೆ. ಇದು ವಿಕ್ಟರನಿಗೆ ಗೊತ್ತಿಲ್ಲ. ಅವನ ಹೆಂಡತಿಗೆ ಗೊತ್ತು.

ಈ ಸಲದ ಸಿನಿಮಾ ಪ್ಯಾರಿಸ್‌ನ ಒಬ್ಬ ಮೆಡಿಕಲ್ ಸ್ಟೂಡೆಂಟಿನದು. ಹೆಸರನ್ನು ವಿಕ್ಟರ್ ಮೂರು ಸಲ ಹೇಳಿದ, ಮೂರು ಸಲವೂ ಬೇರೆ ಬೇರೆಯಾಗಿ ಹೇಳಿದ. ಆದ್ದರಿಂದ ನಾನು ಬರೆಯುವ ಸಾಹಸ ಮಾಡುವುದಿಲ್ಲ. ವಿಕ್ಟರನ ತಾಯಿ ಎರ್ಮಿನ್ ಬಾಯಿ ವಿಸಿಟ್ ವೀಸಾದಲ್ಲಿ ಊರಿಂದ ಬಂದಿದ್ದರು. ಅವರಿಗೆ ಇಂಗ್ಲಿಷ್ ಬಾರದು. "ನೀವು ಪೇಪರಿಗೆ ಬರೆಯುವವರಲ್ವಾ, ಅಮ್ಮನಿಗೆ ಸ್ವಲ್ಪ ಓದಿ ಹೇಳಿ" ಎಂದು ವಿಕ್ಟರ್ ನನ್ನನ್ನು ಅವರ ಪಕ್ಕ ಕೂರಿಸಿದ. ನನ್ನ ಇನ್ನೊಂದು ಪಕ್ಕದಲ್ಲಿ ನನ್ನ ಮಗಳು ಲವೀನಾ.

ಕಥೆ ಸರಳ. ಹುಡುಗ ಡಾಕ್ಟರಿಕೆ ಓದುತ್ತಿದ್ದಾನೆ, ಕೈಯಲ್ಲಿ ಕಾಸಿಲ್ಲ. ಒಂದು ಕೈಗವಸಿನ ಅಂಗಡಿಯ ಮೇಲಿನ ಸಣ್ಣ ಕೋಣೆಯಲ್ಲಿ ವಾಸ. ಅಂಗಡಿಯವನಿಗೊಬ್ಬಳು ಮಗಳು. ಮುಂದಿನದು ನಿಮಗೆ ಗೊತ್ತು. ನಾನು ಸಾಲು ಬಿಡದೆ ಓದಿ ಹೇಳುತ್ತಾ ಹೋದೆ. ಹುಡುಗ ಪರೀಕ್ಷೆಯಲ್ಲಿ ಫೇಲಾದಾಗ ಎರ್ಮಿನ್ ಬಾಯಿ ನಿಟ್ಟುಸಿರು ಬಿಟ್ಟರು. ಆಮೇಲೆ ಆ ದೃಶ್ಯ ಬಂತು. ಅಂಗಡಿಯವನು ಹುಡುಗನನ್ನು ಮೆಟ್ಟಿಲಿನ ಮೇಲೆ ತಡೆದು ನಿಲ್ಲಿಸುತ್ತಾನೆ. ಪರದೆಯ ಕೆಳಗೆ ಅಕ್ಷರಗಳು ಮೂಡುತ್ತವೆ: ನನ್ನ ಮಗಳಿಗೆ ನೀನು ಬೇಡ. ನಿನಗೆ ಹೇಳಲು ಅವಳಿಗೆ ನಾಚಿಕೆ. ಹಾಗಾಗಿ ನನ್ನನ್ನು ಕಳಿಸಿದ್ದಾಳೆ.

ಅವಳು ಕಳಿಸಿರಲಿಲ್ಲ. ಹಿಂದಿನ ದೃಶ್ಯದಲ್ಲೇ ಅವಳು ಹುಡುಗನಿಗಾಗಿ ಮಫ್ಲರ್ ಹೆಣೆಯುತ್ತಿದ್ದಳು.

"ಎಂತ ಹೇಳುದು ಅವ?" ಎರ್ಮಿನ್ ಬಾಯಿ ಕೇಳಿದರು.

ನಾನು ಹೇಳಿದೆ: "ಚೆನ್ನಾಗಿ ಓದು, ಪಾಸಾಗಿ ಬಾ, ಅಲ್ಲಿವರೆಗೆ ಅವಳು ಕಾಯ್ತಾಳೆ ಅಂತ."

ಪರದೆಯ ಮೇಲೆ ಹುಡುಗ ಬೀದಿಗೆ ಇಳಿದು ಗೋಡೆಗೆ ಹಣೆ ಒತ್ತಿ ಅಳತೊಡಗಿದ.

"ಅಷ್ಟು ಒಳ್ಳೆ ಮಾತು ಹೇಳಿದ್ರೆ ಇವ ಯಾಕೆ ಅಳುದು?"

"ಸಂತೋಷಕ್ಕೆ" ಎಂದೆ.

ಹುಡುಗ ಪೆಟ್ಟಿಗೆ ಹಿಡಿದು ರೈಲು ಹತ್ತಿದ. ಎರ್ಮಿನ್ ಬಾಯಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಸಂತೋಷಕ್ಕೆ ಯಾರಾದರೂ ಊರು ಬಿಡುತ್ತಾರಾ?

ಅಷ್ಟರಲ್ಲಿ ಲವೀನಾ ಬಗ್ಗಿ ಹೇಳಿದಳು, "ಪಪ್ಪಾ, ಅದಲ್ಲ ಅಲ್ಲಿ ಇದ್ದದ್ದು. ಅಪ್ಪ ಸುಳ್ಳು ಹೇಳಿದ್ದು ಬಾಯಿ. ಹುಡುಗಿಗೆ ಇಷ್ಟ ಇಲ್ಲ ಅಂತ ಅವನೇ ಮಾಡಿ ಹೇಳಿದ್ದು."

"ಸೈತಾನ" ಎಂದರು ಎರ್ಮಿನ್ ಬಾಯಿ, ಪರದೆಯ ಕಡೆ ನೋಡುತ್ತಾ.

ಆಮೇಲೆ ಇಡೀ ಹಾಲ್ ಆ ಅಂಗಡಿಯವನನ್ನು ಬೈಯತೊಡಗಿತು. ಮೊದಲು ಬೈದವನು ವಿಕ್ಟರ್. (ಇದೇ ವಿಕ್ಟರ್ ತನ್ನ ಮಗಳಿಗೆ ಕೆನಡಾದ ಪಿಆರ್ ಇರುವ ವರ ಮಾತ್ರ ಬೇಕೆಂದು ಊರಿನ ದಲ್ಲಾಳಿಗೆ ಹೇಳಿಟ್ಟಿದ್ದಾನೆ. ಹುಡುಗನ ಹೆಸರು ಆಮೇಲೆ ಕೇಳಿದರೂ ನಡೆಯುತ್ತದೆ.) ಬೆಡ್‌ಶೀಟಿನ ಮೇಲಿರುವ ಬಡ ಹುಡುಗನಿಗೆ ಎಲ್ಲರೂ ಮಗಳನ್ನು ಕೊಡುತ್ತಾರೆ. ಅವನು ಬೆಡ್‌ಶೀಟಿನಿಂದ ಇಳಿದು ಬಂದು ಕಾಲಿಂಗ್ ಬೆಲ್ ಒತ್ತಿದರೆ?

ನನ್ನ ಮನೆಯ ಬೆಲ್ ಒತ್ತಿದ್ದ. ಹದಿನಾಲ್ಕು ವರ್ಷಗಳ ಹಿಂದೆ.

ಅವನ ಹೆಸರು ಮೆಲ್ವಿನ್. ಉಡುಪಿ ಕಡೆಯ ಹುಡುಗ. ಹೊರದೇಶದ ಒಂದು ಮೆಡಿಕಲ್ ಕಾಲೇಜಿನಲ್ಲಿ ಮೂರು ವರ್ಷ ಓದಿದ್ದ. ಅಪ್ಪ ತೀರಿಕೊಂಡರು, ಫೀಸು ನಿಂತಿತು. ಉಳಿದ ವರ್ಷಗಳ ಫೀಸು ದುಡಿಯುತ್ತೇನೆಂದು ದೋಹಾಕ್ಕೆ ಬಂದಿದ್ದ. ಇಂಡಸ್ಟ್ರಿಯಲ್ ಏರಿಯಾದ ಒಂದು ಗೋಡೌನಿನಲ್ಲಿ ಸ್ಟೋರ್ ಕೀಪರ್ ಕೆಲಸ, ಕಂಪನಿ ಕ್ಯಾಂಪಿನಲ್ಲಿ ವಾಸ. ಕಂಪನಿ ಬಸ್ಸಿನಲ್ಲಿ ಎಲ್ಲರೂ ತೂಕಡಿಸುವಾಗ ಇವನು ಇಟ್ಟಿಗೆಯಷ್ಟು ದಪ್ಪದ ಪುಸ್ತಕ ಓದುತ್ತಿದ್ದನಂತೆ. ಚರ್ಚಿನ ಕೊಂಕಣಿ ಕೊಯರ್‌ನಲ್ಲಿ ಹಾಡುತ್ತಿದ್ದ. ಲವೀನಾ ಕೂಡ ಅಲ್ಲಿ ಹಾಡುತ್ತಿದ್ದಳು. ಆಗ ಅವಳಿಗೆ ಇಪ್ಪತ್ತೈದು, ಲ್ಯಾಬ್ ಟೆಕ್ನೀಷಿಯನ್ ಕೆಲಸ ಸಿಕ್ಕಿ ಒಂದು ವರ್ಷವಾಗಿತ್ತು.

ಒಂದು ಶುಕ್ರವಾರ ಅವನನ್ನು ಊಟಕ್ಕೆ ಕರೆದೆವು. ಮದೀನತ್ ಖಲೀಫಾದ ನಮ್ಮ ವಿಲ್ಲಾಕ್ಕೆ. (ವಿಲ್ಲಾ ಅಂದರೆ ಇಡೀ ವಿಲ್ಲಾ ಅಲ್ಲ. ನಡುವೆ ಗೋಡೆ ಎಬ್ಬಿಸಿ ಏಳು ಸಂಸಾರಗಳಿಗೆ ಹಂಚಿದ್ದರಲ್ಲಿ ಒಂದು ಪಾಲು. ಊರಿಗೆ ಫೋನ್ ಮಾಡುವಾಗ ಮಾತ್ರ ಇಡೀ ವಿಲ್ಲಾ.) ನನ್ನ ಹೆಂಡತಿ ಸ್ಟೆಲ್ಲಾ ಸಾನ್ನ, ಕೋಳಿ ಸುಕ್ಕ ಮಾಡಿದ್ದಳು. ಹುಡುಗ ನಾಚುತ್ತಾ ಉಂಡ. ಉಂಡು ಮುಗಿಸಿ ತನ್ನ ಪ್ಲೇಟನ್ನು ತಾನೇ ತೊಳೆದಿಟ್ಟ. ಬಂದು ಕೂತ ಮೇಲೆ ನಾನು ಕೈ ಚಾಚಿದೆ.

"ಬತಾಕಾ ಉಂಟಾ ಬಾಬಾ? ಸ್ವಲ್ಪ ತೋರಿಸು."

ಬತಾಕಾ ಅಂದರೆ ಇಲ್ಲಿಯ ಗುರುತಿನ ಚೀಟಿ. ಪೊಲೀಸರು ಕೇಳುತ್ತಾರೆ, ಬ್ಯಾಂಕಿನವರು ಕೇಳುತ್ತಾರೆ. ಮಗಳನ್ನು ಕೇಳಲು ಬಂದವನ ಹತ್ತಿರ ಬತಾಕಾ ಕೇಳಿದ ಮಾವ ದೋಹಾದಲ್ಲಿ ಬಹುಶಃ ನಾನೊಬ್ಬನೇ. ನಾನು ಆಫೀಸಿನಲ್ಲಿ ಕಾರ್ಡುಗಳನ್ನು ರಿನ್ಯೂ ಮಾಡಿಸುವವನೆಂದು ಅವನಿಗೆ ಗೊತ್ತಿತ್ತು. ಅವಧಿ ಮುಗಿದಿದೆಯಾ ಎಂದು ನೋಡಲಿಕ್ಕಿರಬೇಕು ಅಂದುಕೊಂಡು ಎರಡೂ ಕೈಯಲ್ಲಿ ಕೊಟ್ಟ.

ನಾನು ನೋಡಿದ್ದು ಅವಧಿಯನ್ನಲ್ಲ. ಕಸುಬಿನ ಕಾಲಂ. ಅರೇಬಿಕ್‌ನಲ್ಲಿ ಒಂದೇ ಶಬ್ದ: ಆಮಿಲ್. ಕೂಲಿಯಾಳು.

"ಮೆಡಿಕಲ್ ಅಂತ ಹೇಳಿದ್ದಿ. ಇಲ್ಲಿ ಬೇರೆಯೇ ಉಂಟಲ್ಲ?"

"ಅದು ವೀಸಾದಲ್ಲಿ ಹಾಗೆ ಅಂಕಲ್. ಸಿಕ್ಕಿದ್ದು ಅದೇ ವೀಸಾ. ನಾನು ಸ್ಟೋರಲ್ಲಿ."

"ಡಾಕ್ಟರ್ ಯಾವಾಗ ಆಗುದು?"

"ಆಗ್ತೇನೆ ಅಂಕಲ್. ಫೀಸು ಆದ ಕೂಡ್ಲೆ ಹೋಗ್ತೇನೆ."

ಈಗ ನಾನು ಯಾರೆಂದು ಹೇಳಬೇಕು. ನಾನು ಮೂವತ್ತೆಂಟು ವರ್ಷಗಳಿಂದ ಇದೇ ಊರಿನ ಒಂದು ಕಂಪನಿಯಲ್ಲಿ ಮಂದೂಬ್‌ನ ಸಹಾಯಕ. ಮಂದೂಬ್ ಅಂದರೆ ಸರ್ಕಾರಿ ಕಚೇರಿಗಳಿಗೆ ಕಾಗದಪತ್ರ ಹೊತ್ತು ಓಡಾಡುವವನು. ಅವನಿಗೆ ಫಾರಂ ತುಂಬಿಸಿ ಕೊಡುವವನು ನಾನು. ಕಂಪನಿಗೆ ಯಾವ ಕಸುಬಿನ ವೀಸಾ ಮಂಜೂರಾಗಿದೆಯೋ ಬಂದವನನ್ನು ಆ ಕಸುಬಿಗೆ ಸೇರಿಸುವುದು ನನ್ನ ದಿನನಿತ್ಯದ ಕೆಲಸವಾಗಿತ್ತು. ಬಿಕಾಂ ಮಾಡಿದವರನ್ನು ನಾನು ಪ್ಲಾಸ್ಟರಿಂಗಿಗೆ ಹಾಕಿದ್ದೇನೆ. ಗರಗಸ ಹಿಡಿದು ಗೊತ್ತಿಲ್ಲದ ಎಷ್ಟೋ ಬಡಗಿಗಳನ್ನು ನನ್ನ ಬಾಲ್‌ಪೆನ್ನೇ ಸೃಷ್ಟಿಸಿದೆ. ನನ್ನ ಮೊದಲ ಬತಾಕಾದಲ್ಲಿ ಏನಿತ್ತು ಗೊತ್ತೇ? ತಬ್ಬಾಖ್. ಅಡುಗೆಯವನು. ಮೊಟ್ಟೆ ಬೇಯಿಸಲು ಹೋಗಿ ಪಾತ್ರೆ ತೂತು ಮಾಡಿದವನು ನಾನು. ಸ್ಟೆಲ್ಲಾ ಅದನ್ನು ಓದಿಸಿಕೊಂಡು ಎರಡು ದಿನ ನಕ್ಕಿದ್ದಳು.

ಆ ಕಾಲಂನಷ್ಟು ಸುಳ್ಳು ಹೇಳುವ ಕಾಲಂ ಇನ್ನೊಂದಿಲ್ಲ ಎಂದು ಇಡೀ ದೋಹಾದಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಅಂದು ಆ ಕಾಲಂ ಅನ್ನು ನಾನು ದೇವರ ವಾಕ್ಯದಂತೆ ಓದಿದೆ.

ಕಾರಣ ಇತ್ತು. ಊರಿನ ಚರ್ಚಿನ ಅಂಗಳದಲ್ಲಿ ಜನ ಕೇಳುವ ಪ್ರಶ್ನೆ ಒಂದೇ: ಅಳಿಯ ಎಂತ ಮಾಡುದು? ಅದಕ್ಕೆ ಒಂದು ಶಬ್ದದಲ್ಲಿ ಉತ್ತರ ಬೇಕು. ಇಂಜಿನಿಯರ್. ಅಕೌಂಟೆಂಟ್. ಡಾಕ್ಟರ್. 'ಡಾಕ್ಟರ್ ಆಗುವವ, ಆದರೆ ಸದ್ಯ ಗೋಡೌನಿನಲ್ಲಿದ್ದಾನೆ, ಆದರೆ ಬತಾಕಾದಲ್ಲಿ ಕೂಲಿ' ಎಂದು ನಿಂತು ವಿವರಿಸುವಷ್ಟು ಹೊತ್ತು ಯಾರು ಕೇಳುತ್ತಾರೆ? ಒಂದೇ ಶಬ್ದದಲ್ಲಿ ಹೇಳಲಾಗದ ಅಳಿಯ ಅಳಿಯನೇ ಅಲ್ಲ.

ಸ್ಟೆಲ್ಲಾ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು, "ಹುಡುಗ ಪ್ಲೇಟ್ ತೊಳೆದಿಟ್ಟ ನೋಡಿ. ನಂಗೆ ಅಷ್ಟು ಸಾಕು."

"ಕ್ಯಾಂಪಲ್ಲಿ ಇರುವವರಿಗೆ ಅದು ಅಭ್ಯಾಸ" ಎಂದೆ ನಾನು. ಆಗ ಇದು ಬಹಳ ಚುರುಕಾದ ಮಾತು ಎನಿಸಿತ್ತು.

ಆಮೇಲೆ, ದೊಡ್ಡ ಮನಸ್ಸಿನ ಮನುಷ್ಯನಲ್ಲವೇ, ಅವನನ್ನು ನನ್ನ ಕಾರಿನಲ್ಲೇ ಬಿಟ್ಟು ಬರಲು ಹೊರಟೆ. ಲವೀನಾ ಬಾಗಿಲವರೆಗೆ ಬಂದು ನನಗೆ ಥ್ಯಾಂಕ್ಸ್ ಹೇಳಿದಳು. ಪಪ್ಪನಿಗೆ ಹುಡುಗ ಒಪ್ಪಿಗೆಯಾದ ಎಂದು ತಿಳಿದಿದ್ದಳು.

ದಾರಿಯಲ್ಲಿ ನಾನು ಹೇಳಿದೆ. ಲವೀನಾಳಿಗೆ ಇಷ್ಟವಿಲ್ಲ. ನಿನ್ನ ಮುಖ ನೋಡಿ ಹೇಳಲು ಅವಳಿಗೆ ಸಂಕೋಚ. ಹಾಗಾಗಿ ನೀವೇ ಹೇಳಿ ಪಪ್ಪಾ ಅಂದಳು.

ಅವನು ನನ್ನ ಕಡೆ ತಿರುಗಿದ. "ಅವಳೇ ಹೇಳಿದ್ದಾ ಅಂಕಲ್?"

"ಹೌದು."

"ಸರಿ ಅಂಕಲ್. ಅವಳಿಗೆ ಬೇಜಾರಾಗದ ಹಾಗೆ ನಾನೇ ಎಂತಾದ್ರೂ ಹೇಳ್ತೇನೆ. ನೀವು ನನ್ನತ್ರ ಮಾತಾಡಿದ್ದು ಅವಳಿಗೆ ಗೊತ್ತಾಗುದು ಬೇಡ. ಪಾಪ, ಅವಳಿಗೆ ಮತ್ತೂ ನಾಚಿಕೆ ಆಗ್ಬಹುದು."

ರೌಂಡ್‌ಅಬೌಟ್ ಹತ್ತಿರ ಬಂದಾಗ ಇಲ್ಲೇ ಇಳಿಯುತ್ತೇನೆ ಎಂದ. ಕ್ಯಾಂಪ್ ಇನ್ನೂ ದೂರವಿತ್ತು. ಇಳಿದು, ಕಾರಿನ ಬಾಗಿಲನ್ನು ಮೆಲ್ಲಗೆ ಹಾಕಿ, ಕಿಟಕಿಗೆ ಬಗ್ಗಿ ಹೇಳಿದ, "ಊಟ ಒಳ್ಳೇದಿತ್ತು ಅಂಕಲ್. ಆಂಟಿಗೆ ಹೇಳಿ."

ನನ್ನ ಸುಳ್ಳಿನ ಅರ್ಧ ಕೆಲಸವನ್ನು ಅವನೇ ಮಾಡಿಕೊಟ್ಟ. ಎರಡು ದಿನದ ನಂತರ ಲವೀನಾಳಿಗೆ ಅವನ ಮೆಸೇಜ್ ಬಂತು. ನನಗೆ ಓದು ಮುಖ್ಯ, ನೀನು ಕಾಯಬೇಡ ಎಂದು. ಕೊಯರ್‌ಗೆ ಬರುವುದನ್ನು ನಿಲ್ಲಿಸಿದ. ನಂಬರ್ ಬದಲಾಯಿತು. ಲವೀನಾಳ ತಲೆಯಲ್ಲಿ ಕಥೆ ಮುಗಿದದ್ದು ಹೀಗೆ: ಬಂದ, ಉಂಡ, ಬಿಟ್ಟುಹೋದ.

ನಂತರ ನಾನು ಒಂದೇ ಶಬ್ದದ ವರಗಳನ್ನು ಸಾಲಾಗಿ ತಂದೆ. ಇಂಜಿನಿಯರ್ ಬಂದ. ಬ್ಯಾಂಕ್ ಬಂದ. ಒಬ್ಬ ಡೆಂಟಿಸ್ಟ್ ಕೂಡ ಬಂದ. ಲವೀನಾ ಎಲ್ಲರಿಗೂ ಚಹಾ ಕೊಟ್ಟಳು, ಎಲ್ಲರಿಗೂ ಬೇಡ ಅಂದಳು. "ನಂಗೆ ಯಾರ ಮೇಲೂ ನಂಬಿಕೆ ಬರುದಿಲ್ಲ ಪಪ್ಪಾ. ಒತ್ತಾಯ ಮಾಡ್ಬೇಡಿ." ಈಗ ಅವಳಿಗೆ ಮೂವತ್ತೊಂಬತ್ತು. ಕೇಳಿದವರಿಗೆ ನಾನು "ಈಗಿನ ಹುಡುಗಿಯರಲ್ವಾ, ಅವಳಿಗೆ ಕೆರಿಯರ್" ಎನ್ನುತ್ತೇನೆ. ಸ್ಟೆಲ್ಲಾ ಆರು ವರ್ಷದ ಹಿಂದೆ ತೀರಿಹೋದಳು. ಅವಳಿಗೂ ನಾನು ಹೇಳಲಿಲ್ಲ.

ಯಾರಿಗೂ ಹೇಳಲಿಲ್ಲ ಎಂದರೆ ಅದೂ ಸುಳ್ಳು. ಪ್ರತಿ ವರ್ಷ ಈಸ್ಟರಿಗೆ ಮೊದಲು ಪಾಪನಿವೇದನೆ ಮಾಡುತ್ತೇನೆ. "ಸುಳ್ಳು ಹೇಳಿದ್ದೇನೆ ಫಾದರ್" ಎನ್ನುತ್ತೇನೆ. ಯಾರಿಗೆ, ಎಂಥದ್ದು ಎಂದು ಅವರು ಕೇಳುವುದಿಲ್ಲ. ನನ್ನ ಹಿಂದೆ ಉದ್ದ ಕ್ಯೂ ಇರುತ್ತದೆ. ಮೂರು ಪ್ರಾರ್ಥನೆ ಹೇಳಿಕೋ ಎನ್ನುತ್ತಾರೆ. ಹೇಳಿಕೊಂಡು, ಹಗುರವಾಗಿ, ಮನೆಗೆ ಬಂದು ಮಗಳು ಮಾಡಿದ ಊಟ ಮಾಡುತ್ತೇನೆ.

ಇರಲಿ. ಕಳೆದ ಶುಕ್ರವಾರಕ್ಕೆ ಬರುತ್ತೇನೆ.

ಸಿನಿಮಾ ಮುಗಿಯಿತು. ಕೊನೆಯಲ್ಲಿ ಆ ಹುಡುಗಿ ನಡುವಯಸ್ಸಿನವಳಾಗಿ ಅದೇ ಅಂಗಡಿಯಲ್ಲಿ ಕೈಗವಸು ಮಾರುತ್ತಿರುತ್ತಾಳೆ. ಹೊರಗೆ ಮಳೆ. (ಹೇಳಿದ್ದೆನಲ್ಲ.) ಸಂಜೆ ಲವೀನಾ ಕಾರು ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ನಮ್ಮದು ಮನೆಯಲ್ಲಿ ಕೊಂಕಣಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಲಾಸ್ಟ್‌ವರೆಗೆ ಆ ಹುಡುಗಿಗೆ ಯಾರೂ ಹೇಳ್ಲೇ ಇಲ್ಲ ಅಲ್ವಾ ಪಪ್ಪಾ" ಎಂದಳು. "ಪಾಪ. ಅವ ಬಿಟ್ಟುಹೋದ ಅಂತ್ಲೇ ತಿಳ್ಕೊಂಡು ಮುದುಕಿ ಆದ್ಳು."

ನಾನು ಎಸಿಯ ಗುಂಡಿಯನ್ನು ಸುಮ್ಮನೆ ತಿರುಗಿಸಿದೆ.

"ಮತ್ತೆ ನೀವು ಆ ಲೈನ್ ಯಾಕೆ ಹಾಗೆ ಓದಿದ್ದು? ಅಕ್ಷರ ಅಷ್ಟು ದೊಡ್ಡದಿತ್ತು. ಕಣ್ಣಿಗೆ ಪೊರೆ ಬಂದಿರ್ಬೇಕು. ನಾಳೆ ಅಪಾಯಿಂಟ್‌ಮೆಂಟ್ ತಗೊಳ್ತೇನೆ."

ನೋಡಿ, ದೇವರು ನನಗೆ ಎಷ್ಟು ದೊಡ್ಡ ಬಾಗಿಲು ತೆರೆದಿಟ್ಟ. ಹೌದು ಮಗಾ, ಮಂಜಾಗ್ತಾ ಉಂಟು ಎಂದರೆ ಸಾಕಿತ್ತು. ಕಣ್ಣಿಗೆ ಎರಡು ತೊಟ್ಟು ಔಷಧ, ಮನೆಯಲ್ಲಿ ಗಂಜಿ, ಮಗಳಿಂದ ಸೇವೆ. ಹದಿನಾಲ್ಕು ವರ್ಷ ಕಾಪಾಡಿಕೊಂಡು ಬಂದದ್ದು ಇನ್ನು ಕೆಲವು ವರ್ಷ ಉಳಿಯುತ್ತಿರಲಿಲ್ಲವೇ? ಅಷ್ಟರಲ್ಲಿ ನಾನೇ ಉಳಿಯುತ್ತಿರಲಿಲ್ಲ.

"ಕಣ್ಣಿಗೆ ಏನೂ ಆಗಿಲ್ಲ" ಎಂದೆ. ಆಮೇಲೆ ಎಲ್ಲ ಹೇಳಿದೆ. ಮೆಟ್ಟಿಲು, ಮಫ್ಲರ್ ಏನೂ ಇಲ್ಲದೆ, ಬತಾಕಾದಿಂದ ರೌಂಡ್‌ಅಬೌಟ್‌ವರೆಗೆ. ಸಿಗ್ನಲ್ ಹಸಿರಾಯಿತು. ಅವಳು ಹೊರಡಲಿಲ್ಲ. ಹಿಂದಿನವರು ಹಾರ್ನ್ ಹಾಕಿದರು. ಒಬ್ಬ ಕಿಟಕಿ ಇಳಿಸಿ "ಯಲ್ಲಾ, ಯಲ್ಲಾ" ಎಂದ. ಅವಳು ಕಾರನ್ನು ಒಂದು ಮೆಡಿಕಲ್ ಶಾಪಿನ ಮುಂದೆ ತಂದು ನಿಲ್ಲಿಸಿದಳು.

"ಅವ ಎಂತ ಹೇಳಿದ?"

ಹೇಳಿದೆ. ಅವಳಿಗೆ ಬೇಜಾರಾಗದ ಹಾಗೆ ನಾನೇ ಎಂತಾದರೂ ಹೇಳುತ್ತೇನೆ ಎಂದದ್ದು. ಬಾಗಿಲು ಮೆಲ್ಲಗೆ ಹಾಕಿದ್ದು. ಊಟ ಒಳ್ಳೆಯದಿತ್ತು ಎಂದದ್ದು.

ಅವಳು ಸ್ಟಿಯರಿಂಗ್ ಹಿಡಿದುಕೊಂಡೇ ಹೇಳಿದಳು, "ಹದಿನಾಲ್ಕು ವರ್ಷ ನಾನು ಅವನನ್ನು ಬೈತಾ ಇದ್ದೆ ಪಪ್ಪಾ. ದಿನಾ ಅಲ್ಲ. ಆದ್ರೂ ಬೈತಾ ಇದ್ದೆ. ಈಗ ನಾನು ಯಾರನ್ನು ಬೈಯ್ಲಿ?"

"ನನ್ನನ್ನು."

"ನಿಮ್ಗೆ ಬಿಪಿ ಉಂಟು."

ಇಳಿದು ಹೋಗಿ ನನ್ನ ಮಾತ್ರೆಯ ಸ್ಟ್ರಿಪ್ ಕೊಂಡು ತಂದಳು.

ಆಮೇಲಿನ ದಿನಗಳಲ್ಲಿ ನನ್ನೊಂದಿಗೆ ಅವಳು ಆಡಿದ್ದು ಮೂರೇ ವಾಕ್ಯ. ಮಾತ್ರೆ ತಗೊಂಡ್ರಾ. ಗಂಜಿ ಅಲ್ಲಿ ಉಂಟು. ಬಾಗಿಲು ಹಾಕಿ. ಅವಳು ಅತ್ತಿದ್ದರೆ, ಪ್ಲೇಟು ಎಸೆದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಶಿಕ್ಷೆಯಲ್ಲೂ ನನಗೆ ನನ್ನ ಸಮಾಧಾನವೇ ಮುಖ್ಯ, ಗಮನಿಸಿದಿರಾ?

ಮಂಗಳವಾರ ತಡೆಯಲಾಗದೆ ವಿಕ್ಟರನಿಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡೆ. ಕಲಾರಸಿಕ, ಅರ್ಥ ಮಾಡಿಕೊಂಡಾನು ಎಂದು. ಅವನು ಪೂರ್ತಿ ಕೇಳಿ ಗಂಟಲು ಸರಿಮಾಡಿಕೊಂಡ.

"ಅಲ್ಲ ಮಾರಾಯ್ರೆ, ಮತ್ತೆ ಆ ಹುಡುಗ ಡಾಕ್ಟರ್ ಆದನಾ?"

ನನಗೆ ಗೊತ್ತಿತ್ತು. ನಾಲ್ಕೈದು ವರ್ಷದ ಹಿಂದೆ ಗುಟ್ಟಾಗಿ ವಿಚಾರಿಸಿದ್ದೆ. ಆಗಲಿಲ್ಲ. ಫೀಸು ಕೂಡಿಬರಲಿಲ್ಲ. ಮಸ್ಕತ್‌ನಲ್ಲಿ ಔಷಧ ಸಪ್ಲೈ ಮಾಡುವ ಕಂಪನಿಯಲ್ಲಿದ್ದಾನೆ. ಮದುವೆಯಾಗಿದೆ, ಇಬ್ಬರು ಮಕ್ಕಳು.

"ಆಗ್ಲಿಲ್ವಾ? ಖಲಾಸ್" ಎಂದ ವಿಕ್ಟರ್, ದೊಡ್ಡ ಭಾರ ಇಳಿದವನಂತೆ. "ಹಾಗಾದ್ರೆ ನೀವು ಮಾಡಿದ್ದೇ ಸರಿ. ಸುಮ್ನೆ ಯಾಕೆ ತಲೆ ಬಿಸಿ ಮಾಡ್ಕೊಳ್ತೀರಿ?"

ಎಷ್ಟು ಸುಲಭವಾಗಿ ಪಾಪ ಪರಿಹಾರವಾಯಿತು ನೋಡಿ. ಹುಡುಗ ಡಾಕ್ಟರ್ ಆಗಿದ್ದರೆ ನಾನು ಪಾಪಿ. ಆಗಲಿಲ್ಲವಾದ್ದರಿಂದ ದೂರದೃಷ್ಟಿಯುಳ್ಳ ತಂದೆ. ನಗಬೇಡಿ. ಗುಟ್ಟಾಗಿ ವಿಚಾರಿಸಿದ ದಿನ ನನಗೂ ಹಾಗೇ ಅನಿಸಿತ್ತು. ಅಂದು ಚೆನ್ನಾಗಿ ನಿದ್ದೆ ಮಾಡಿದ್ದೆ. ಒಬ್ಬನ ಓದು ನಿಂತುಹೋದ ಸುದ್ದಿ ಕೇಳಿ ನೆಮ್ಮದಿಯಿಂದ ಮಲಗಿದವನು ಇಲ್ಲಿ ಪ್ರತಿ ವಾರ ನಿಮಗೆ ಸಮಾಜದ ತಪ್ಪುಗಳನ್ನು ತೋರಿಸಿಕೊಡುತ್ತಾನೆ. ನೀವೂ ಓದುತ್ತೀರಿ.

ಇಷ್ಟನ್ನೂ ಕೇಳಿದ ಮೇಲೆ ಅವನು ಡಾಕ್ಟರ್ ಆದನಾ ಎಂದು ಕೇಳದವಳು ಒಬ್ಬಳೇ. ಯಾರ ಜೀವನ ಅದರಿಂದ ಆಚೀಚೆ ಆಯಿತೋ ಅವಳು.

ಮೇಲಿನದನ್ನು ನಿನ್ನೆ ಬರೆದು ಮುಗಿಸಿದ್ದೆ. ನಾನು ಕಾಗದದ ಮೇಲೆ ಪೆನ್ನಿನಲ್ಲಿ ಬರೆಯುವವನು. ಲವೀನಾ ಅದರ ಫೋಟೊ ತೆಗೆದು ಸಂಪಾದಕರಿಗೆ ವಾಟ್ಸಾಪ್ ಮಾಡುತ್ತಾಳೆ. ಓದುವುದಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಕಲಿತವಳು, ಕನ್ನಡ ಓದಬೇಕಾದರೆ ಬೆರಳಿಟ್ಟು ಅಕ್ಷರ ಕೂಡಿಸಬೇಕು. ಈ ಸಲ ನಾನೇ ಹಾಳೆಗಳನ್ನು ಅವಳ ಮುಂದೆ ಇಟ್ಟು, ಇದನ್ನು ನೀನು ಓದದೆ ಕಳಿಸುವುದು ಬೇಡ ಎಂದೆ. ಹರಿದು ಹಾಕಿದರೂ ಸರಿ ಎಂದೆ.

ಅವಳು ಊಟದ ಮೇಜಿನ ಹತ್ತಿರ ಕೂತು ಮೊದಲ ಸಾಲಿನಿಂದ ಬೆರಳಿಟ್ಟಳು. ಒಂದು ಗಂಟೆಗೂ ಹೆಚ್ಚು ಹಿಡಿಯಿತು. ನಡುವೆ ಎರಡು ಸಲ ತಲೆ ಎತ್ತಿದಳು. ಒಮ್ಮೆ "ನಿಟ್ಟುಸಿರು ಅಂದ್ರೆ ಎಂತ?" ಎಂದು ಕೇಳಿದಳು. ಇನ್ನೊಮ್ಮೆ, "ಮಮ್ಮಿ ಪ್ಲೇಟಿನ ವಿಷಯ ಹೇಳಿದ್ದು ನಿಜವಾ?" ನಿಜ ಎಂದೆ. ಮತ್ತೆ ಬೆರಳು ಮುಂದೆ ಸರಿಯಿತು. ಮಸ್ಕತ್, ಮದುವೆ, ಮಕ್ಕಳು ಇರುವ ಸಾಲಿನ ಮೇಲೆ ಅದು ಬಹಳ ಹೊತ್ತು ನಿಂತಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಬರೆಯುವ ಉಮೇದಿನಲ್ಲಿ ಅದನ್ನೂ ನಾನು ಅವಳಿಗಿಂತ ಮೊದಲು ನಿಮಗೆ ಹೇಳಿಬಿಟ್ಟಿದ್ದೆ.

ಓದಿ ಮುಗಿಸಿ ಹಾಳೆಗಳನ್ನು ಸರಿಯಾಗಿ ಜೋಡಿಸಿದಳು. ಫೋಟೊ ತೆಗೆಯಲು ಫೋನ್ ಕೈಗೆತ್ತಿಕೊಂಡಳು.

"ಕಳಿಸ್ತೇನೆ. ಆದ್ರೆ ಮಗಳು ಕ್ಷಮಿಸಿದ್ಳು ಅಂತ ಕೊನೆಗೆ ಎಲ್ಲಿಯಾದ್ರೂ ಬರೀಬೇಡಿ."

ಬರೆದಿಲ್ಲ.